ಕದ್ದ ಕೈಯನ್ನು ಹಿಡಿದು ನಡೆಸೋಣ



ಮಗು ಕದ್ದಿತೆಂದು ತಿಳಿದೊಡನೆ ತಂದೆಯ ಕೈ ಬೆತ್ತವನ್ನು ಹುಡುಕುತ್ತದೆ. ತಾಯಿಯ ಸೆರಗು ತಪ್ಪನ್ನು ಮುಚ್ಚುತ್ತದೆ. ಇವೆರಡೂ ಸಲ್ಲವು.

ಸಂತ ಅಗಸ್ಟೀನರು ೧೬ರ ಹರೆಯದಲ್ಲಿ ಗೆಳೆಯರೊಡಗೂಡಿ ಪೇರ್ ಹಣ್ಣುಗಳನ್ನು ಕದ್ದು ಹಂದಿಗಳಿಗೆಸೆದರು. ಅದು ಹಸಿವಿನ ಕಳವಲ್ಲ, ಸಹವಾಸದ ಕಳವು. ಆದುದರಿಂದ ‘ಏನು ಕದ್ದೆ’ ಎನ್ನುವ ಮೊದಲು ‘ಏಕೆ ಕದ್ದೆ’ ಎಂದು ಕೇಳೋಣ.

ಗಾಂಧೀಜಿಯವರು ೧೫ರ ಪ್ರಾಯದಲ್ಲಿ ಅಣ್ಣನ ಸಾಲ ತೀರಿಸಲು ಅವನ ತೋಳಬಂದಿಯ ಚಿನ್ನದ ಚೂರನ್ನು ಕದ್ದರು. ಬಳಿಕ ತಪ್ಪೊಪ್ಪಿಗೆಯನ್ನು ಬರೆದು, ಶಿಕ್ಷೆಯನ್ನೂ ಬೇಡಿ, ಹಾಸಿಗೆ ಹಿಡಿದಿದ್ದ ತಂದೆಯ ಕೈಗಿತ್ತರು. ತಂದೆ ಹೊಡೆಯಲಿಲ್ಲ, ಕಣ್ಣೀರಿಳಿಸಿ ಚೀಟಿಯನ್ನು ಹರಿದರು. ಬೆತ್ತ ತಲುಪದ ಆಳಕ್ಕೆ ಆ ಕಣ್ಣೀರು ಇಳಿಯಿತು.

ಹಿಂದೊಮ್ಮೆ ಪೀಠಸೇವೆಯ ಬಾಲಕನೊಬ್ಬ ಕಾಣಿಕೆಯಿಂದ ಎರಡು ರೂಪಾಯಿ ತೆಗೆದಾಗ, ನಾವು ಎಲ್ಲರೆದುರು ಅವನನ್ನು ‘ಕಳ್ಳ’ ಎಂದೆವು. ಅವನು ಮತ್ತೆ ಪೀಠದ ಬಳಿ ಬರಲಿಲ್ಲ. ಎರಡು ರೂಪಾಯಿಗಾಗಿ ನಾವು ಒಂದು ಆತ್ಮವನ್ನು ದೂರಮಾಡಿದೆವು.

ಕ್ಷಮೆಯೆಂದರೆ ಮರೆಮಾಚುವಿಕೆಯಲ್ಲ. ಜಕ್ಕಾಯನು ಮೋಸದಿಂದ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದನು. ಮಗುವಿನ ಕೈ ಹಿಡಿದು, ಜೊತೆಯಲ್ಲಿಯೇ ಹೋಗಿ, ಕದ್ದುದನ್ನು ಒಡೆಯನಿಗೆ ಅದರಿಂದಲೇ ಒಪ್ಪಿಸಿರಿ. ಮರಳುವಾಗಲೂ ಆ ಕೈಯನ್ನು ಬಿಡದಿರಿ.