ವಂತಿಗೆಯ ವಿಶ್ರಾಂತಿವೇತನದಲ್ಲಿ ಪಾಲಿನ ನ್ಯಾಯ



ಕಾಯಕ, ದಾಸೋಹಗಳು ಶರಣಧರ್ಮಕ್ಕೆ ಎರಡು ಕಣ್ಣುಗಳಂತಿರುವವು. ಶಕ್ತಿಯಿರುವವರೆಗೆ ದುಡಿಯತಕ್ಕದ್ದು, ದುಡಿದುದರಲ್ಲಿ ಸಮಾಜದ ಪಾಲನ್ನು ಸಮಾಜಕ್ಕೆ ಸಲ್ಲಿಸತಕ್ಕದ್ದು ಎಂಬುದು ಅವುಗಳ ತಾತ್ಪರ್ಯವು. ಆದರೆ ಮೈಯ ಕಸುವು ಉಡುಗಿ ಮುಪ್ಪು ಬಂದಾಗ ಕಾಯಕಜೀವಿಯ ಗತಿಯೇನು? ಅವನು ಅನ್ಯರ ಮುಂದೆ ಕೈಯೊಡ್ಡದಂತೆ ಮಾಡುವ ಉಪಾಯಗಳಲ್ಲಿ ವಂತಿಗೆಯ ವಿಶ್ರಾಂತಿವೇತನವು ಒಂದು. ದುಡಿಯುವ ಕಾಲದಲ್ಲಿ ನಿಧಿಗೆ ಹಣ ಸಂದಾಯವಾಗಿ, ಮುಪ್ಪಿನಲ್ಲಿ ಅದರಿಂದ ತಿಂಗಳು ತಿಂಗಳೂ ವೇತನ ಬರುವುದೇ ಅದರ ಲಕ್ಷಣವು. ಈ ಫಲವು ಹೆಚ್ಚು ಸಂಬಳದವರಿಗೂ ಕಡಿಮೆ ಸಂಬಳದವರಿಗೂ ಹೇಗೆ ಹಂಚಿಹೋಗುವುದೆಂಬುದೇ ಇಂದಿನ ವಿಚಾರವು.

ಬಿಸ್ಮಾರ್ಕನ ಕಾಲದ ಜರ್ಮನಿಯಲ್ಲಿ 1889ರಲ್ಲಿ ಇಂಥದೊಂದು ಶಾಸನವಾಯಿತು. ಕಾರ್ಮಿಕನೂ ಧಣಿಯೂ ಸಮಸಮವಾಗಿ ವಂತಿಗೆ ಕೊಡುತ್ತಿದ್ದರು. ಕೂಲಿಯ ತರಗತಿಗೆ ತಕ್ಕಂತೆ ವಂತಿಗೆಯೂ ವೇತನವೂ ಏರುತ್ತಿದ್ದವು. ಆದರೆ ಸರಕಾರವು ಒಬ್ಬೊಬ್ಬರ ವೇತನಕ್ಕೆ ವರ್ಷಕ್ಕೆ 50 ಮಾರ್ಕುಗಳನ್ನು ಭೇದವಿಲ್ಲದೆ ಸೇರಿಸುತ್ತಿತ್ತು. ಸಮನಾದ ಮೊತ್ತವಾದುದರಿಂದ ಬಡವನಿಗೆ ಅದೇ ದೊಡ್ಡ ಆಸರೆಯಾಯಿತು.

ಭಾರತದಲ್ಲಿ 1995ರ ನೌಕರರ ಪಿಂಚಣಿ ಯೋಜನೆಯ ಕ್ರಮವು ಬೇರೆ. ಧಣಿಯು ಭವಿಷ್ಯನಿಧಿಗಾಗಿ ಕೊಡುವ ವಂತಿಗೆಯಿಂದ ಸಂಬಳದ ಶೇಕಡಾ 8.33ರಷ್ಟು ಪಿಂಚಣಿ ನಿಧಿಗೆ ಹೋಗುವುದು. ಕೇಂದ್ರ ಸರಕಾರವು ಶೇಕಡಾ 1.16ರಷ್ಟನ್ನು ಸೇರಿಸುವುದು. ಇದಕ್ಕೆ ಸಂಬಳದ ಮಿತಿಯನ್ನು 2014ರ ಸೆಪ್ಟೆಂಬರದಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ವೇತನದ ಸೂತ್ರವು ಸರಳವಾದುದು: ಗಣನೆಯ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸುವುದು. ಆ ಪ್ರಕಾರ 35 ವರ್ಷಗಳ ಸೇವೆಗೆ 15,000 ರೂಪಾಯಿಯವನಿಗೆ 7,500 ರೂಪಾಯಿ, 7,500 ರೂಪಾಯಿಯವನಿಗೆ 3,750 ರೂಪಾಯಿ.

ಇಲ್ಲಿ ಪಕ್ಷಪಾತವೆಲ್ಲಿದೆಯೆಂದು ಶಂಕೆ ಹುಟ್ಟಬಹುದು. ದುಪ್ಪಟ್ಟು ಸಂದವನಿಗೆ ದುಪ್ಪಟ್ಟು ಬಂದಿತಷ್ಟೆ! ವಂತಿಗೆಯ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಆದರೆ ಸರಕಾರದ ಪಾಲನ್ನು ಪ್ರತ್ಯೇಕಿಸಿ ನೋಡಿರಿ. ಮೊದಲನೆಯವನ ಹೆಸರಿಗೆ ಅದು ತಿಂಗಳಿಗೆ 174 ರೂಪಾಯಿಯಾದರೆ, ಎರಡನೆಯವನ ಹೆಸರಿಗೆ 87 ರೂಪಾಯಿ ಮಾತ್ರ. ಈ ಹಣವು ಧಣಿಯದೂ ಅಲ್ಲ, ನೌಕರನದೂ ಅಲ್ಲ, ಪ್ರಜೆಗಳೆಲ್ಲರ ತೆರಿಗೆಯದು. ಯೋಜನೆಯ ಹೊರಗೆ ನಿಂತಿರುವ ಹೊಲದ ಕೂಲಿಯವಳೂ ಕೊಂಡ ಸರಕಿನ ಮೇಲೆ ತೆರಿಗೆ ತೆತ್ತು ಅದಕ್ಕೆ ಕೂಡಿಸಿದವಳೇ. ಮಠದ ದಾಸೋಹದ ಪಂಕ್ತಿಯಲ್ಲಿ ಹೆಚ್ಚು ಅಕ್ಕಿ ತಂದವನಿಗೆ ಎರಡು ಎಡೆ ಬಡಿಸುವ ವಾಡಿಕೆಯಿಲ್ಲ. ಹಸಿವೇ ಅಲ್ಲಿಯ ಅಳತೆಯು. ಸಮುದಾಯದ ಹಣಕ್ಕೂ ಅದೇ ಅಳತೆ ಸಲ್ಲತಕ್ಕದ್ದು.

ಇನ್ನೊಂದು ತೊಡಕೂ ಉಂಟು. ಒಟ್ಟು 10 ವರ್ಷಗಳ ಸೇವೆ ತುಂಬದವನಿಗೆ ಮುಪ್ಪಿನ ವೇತನವಿಲ್ಲ. ಒಂದಿಷ್ಟು ಇಡಿಗಂಟು ಮರಳುವುದು. ಸ್ಥಿರವಾದ ಹುದ್ದೆಯವನಿಗೆ ಈ ಗಡುವು ಭಾರವಲ್ಲ. ಗುತ್ತಿಗೆಯ ಕೆಲಸ ಹಿಡಿದು ಬಿಡುತ್ತಿರುವವನಿಗೂ, ಬಾಣಂತನಕ್ಕಾಗಿ ಕೆಲಸ ಬಿಟ್ಟ ಹೆಣ್ಣುಮಗಳಿಗೂ ಅದು ದಾಟಲಾಗದ ಹೊಳೆಯಾಗುವುದು. ನಿಯಮವು ಎಲ್ಲರಿಗೂ ಒಂದೇ, ಫಲವು ಒಂದೇ ಅಲ್ಲ. 2014ರಲ್ಲಿ ಕನಿಷ್ಠ ವೇತನವನ್ನು 1,000 ರೂಪಾಯಿಯೆಂದು ಗೊತ್ತುಪಡಿಸಿದುದು ಬಡವರ ಪರವಾದ ತಿದ್ದುಪಡಿಯು. ಆದರೆ ಅದು ಗಡುವನ್ನು ದಾಟಿದವರಿಗೇ ದೊರೆಯುವುದು.

ಸಂಬಳಕ್ಕೆ ಸಮಪ್ರಮಾಣವೊಂದೇ ದಾರಿಯಲ್ಲ. ಅಮೆರಿಕೆಯಲ್ಲಿ 1935ರ ಶಾಸನದಿಂದ ಬೆಳೆದ ಏರ್ಪಾಡಿನಲ್ಲಿ ಸರಾಸರಿ ಗಳಿಕೆಯನ್ನು ಮೂರು ಮೆಟ್ಟಿಲುಗಳಾಗಿ ವಿಭಾಗಿಸುವರು. ಕೆಳಗಿನ ಮೆಟ್ಟಿಲಿಗೆ ಶೇಕಡಾ 90, ನಡುವಿನದಕ್ಕೆ 32, ಮೇಲಿನದಕ್ಕೆ 15ರಂತೆ ವೇತನವನ್ನೆಣಿಸುವರು. ಹೆಚ್ಚು ಗಳಿಸಿದವನಿಗೆ ಮೊತ್ತವು ಹೆಚ್ಚೇ. ಗಳಿಕೆಯ ಪ್ರಮಾಣದಲ್ಲಿ ಮಾತ್ರ ಬಡವನ ಪಾಲು ಹಿರಿದು. ಆದರೂ ಉಳ್ಳವರು ಸಾಮಾನ್ಯವಾಗಿ ಹೆಚ್ಚು ಕಾಲ ಬದುಕುವುದರಿಂದ ಹೆಚ್ಚು ವರ್ಷ ವೇತನ ಪಡೆಯುವರು. ಸೂತ್ರವು ಕೊಟ್ಟುದರಲ್ಲಿ ಕೆಲಭಾಗವನ್ನು ಆಯುಷ್ಯವು ಕಸಿದುಕೊಳ್ಳುವುದು.

ಯಾವ ಧಣಿಯೂ ಇಲ್ಲದವರಿಗಾಗಿ ಭಾರತದಲ್ಲಿ 2015ರಲ್ಲಿ ಅಟಲ್ ಪಿಂಚಣಿ ಯೋಜನೆಯು ಆರಂಭವಾಯಿತು. 60ರ ವಯಸ್ಸಿನಿಂದ 1,000 ರೂಪಾಯಿ ಪಡೆಯಲು 18ನೆಯ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 42 ರೂಪಾಯಿ ಕಟ್ಟಬೇಕು. 40ನೆಯ ವಯಸ್ಸಿನವನು 291 ರೂಪಾಯಿ ಕಟ್ಟಬೇಕು. ಆದಾಯತೆರಿಗೆ ಸಲ್ಲಿಸುವವರು ಹೊಸದಾಗಿ ಸೇರದಂತೆ 2022ರ ಅಕ್ಟೋಬರ 1ರಿಂದ ನಿರ್ಬಂಧವಾದುದು ಉಚಿತವೇ. ಆದರೆ ಹರೆಯದಲ್ಲಿ ಮನೆಯ ಹೊಟ್ಟೆ ತುಂಬಿಸುವುದೇ ಕಷ್ಟವಾಗಿ, ತಡವಾಗಿ ಸೇರುವವನು ಬಹುಧಾ ಬಡವನೇ; ತಡಮಾಡಿದುದರ ಭಾರವೂ ಅವನ ಮೇಲೆಯೇ. ಊರಿನ ಓದುಬಲ್ಲ ತರುಣರು ಮನೆಮನೆಗೆ ಹೋಗಿ ಈ ಲೆಕ್ಕವನ್ನು ಕಾಲಕ್ಕೆ ತಿಳಿಸಿದರೆ ಅದೂ ದಾಸೋಹವೇ.

ಕಿಂಬಹುನಾ, ಸಿದ್ಧಾಂತವಿಷ್ಟು: ವಂತಿಗೆಗೆ ತಕ್ಕ ಫಲವು ವಂತಿಗೆದಾರನಿಗೆ ಸಲ್ಲಲಿ, ಸಮುದಾಯದ ಹಣವು ತಲೆಗೆ ಸಮನಾಗಿಯೋ, ಬಡವನಿಗೆ ತುಸು ಹೆಚ್ಚಾಗಿಯೋ ಹರಿಯಲಿ, ತುಂಡು ತುಂಡಾಗಿ ದುಡಿದವನ ವರ್ಷಗಳೂ ವ್ಯರ್ಥವಾಗದಿರಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಒಪ್ಪಿದ ಸಮಾಜವು ಕಾಯಕ ಮುಗಿಸಿದವರ ಮುಪ್ಪಿನಲ್ಲಿ ಮೇಲುಕೀಳನ್ನು ಸಹಿಸಲಾಗದು.

ಸರ್ವರಿಗೂ ಮಂಗಳವಾಗಲಿ.