ನಷ್ಟದ ಪಾಠ: ಇತಿಹಾಸ, ಕಾವ್ಯ, ಚಲನಚಿತ್ರ, ಕಲಿಕೆ

(ಹಾಸನೂರಿನಲ್ಲಿ ಕನ್ನಡ ಮಾಧ್ಯಮದ ಶಿಕ್ಷಕರಿಗೆ ನೀಡಿದ ಉಪನ್ಯಾಸ)



ನಷ್ಟವೆಂಬ ಪದ ಎಲ್ಲ ಪಾಠಗಳಲ್ಲಿಯೂ ಬರುತ್ತದೆ. ಅದರ ಸ್ವರೂಪ ಮಾತ್ರ ಎಲ್ಲೆಡೆ ಒಂದೇ ಅಲ್ಲ. ಯಾವ ನಷ್ಟ ಮರಳಿ ಬಾರದು, ಯಾವುದನ್ನು ಮರಳಿ ಪಡೆಯಬಹುದು ಎಂಬ ವಿವೇಕವನ್ನು ಮಕ್ಕಳಲ್ಲಿ ಬೆಳೆಸುವುದು ಶಿಕ್ಷಕರ ಹೊಣೆ.

ಮೊದಲು ಇತಿಹಾಸ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದರೆ ಬಣ್ಣಾರಿ, ಅದರಾಚೆ ಭವಾನಿಸಾಗರ. ಹೊಯ್ಸಳರ ಕಾಲದ ದಂಡನಾಯಕರ ಹೆಸರನ್ನು ಹೊತ್ತ ದಣ್ಣಾಯಕನ ಕೋಟೆ 1950ರ ದಶಕದಲ್ಲಿ ಆ ಜಲಾಶಯದಲ್ಲಿ ಮುಳುಗಿತು. ನೀರು ತೀರ ಇಳಿದ ವರ್ಷಗಳಲ್ಲಿ ಅಲ್ಲಿಯ ಹಳೆಯ ದೇಗುಲ ಕಾಣಿಸಿಕೊಳ್ಳುತ್ತದೆ. ಅದೇ ನೀರು ಈರೋಡಿನ ಬಯಲಿನಲ್ಲಿ ಬೆಳೆಯನ್ನು ಕಾಯುತ್ತಿದೆ. ಅದೇ ದಶಕದ 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ನುಡಿಯುವ ತಾಳವಾಡಿ ಮಲೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಯಾರು ಏನನ್ನು ಕಳೆದುಕೊಂಡರು, ಯಾರು ಏನನ್ನು ಪಡೆದರು ಎಂದು ಎರಡು ಪಟ್ಟಿಗಳನ್ನು ಮಕ್ಕಳಿಂದ ಬರೆಯಿಸಬೇಕು. ಒಂದೇ ಪಟ್ಟಿ ಬರೆದ ಮಗು ದೂರು ಹೇಳಲು ಕಲಿಯುತ್ತದೆ. ಎರಡನ್ನೂ ಬರೆದ ಮಗು ಇತಿಹಾಸವನ್ನು ಕಲಿಯುತ್ತದೆ.

ಕಾವ್ಯದ ಮಾರ್ಗ ಬೇರೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಅರಸನು ರಾಜ್ಯವನ್ನೂ ಮಡದಿ ಮಗನನ್ನೂ ಕಳೆದುಕೊಳ್ಳುತ್ತಾನೆ. ಕಾಡಿಗೆ ಹೋದ ಬಾಲಕ ಲೋಹಿತಾಶ್ವನು ಹಾವು ಕಚ್ಚಿ ಸಾಯುತ್ತಾನೆ. ಕಾಡಂಚಿನ ಮಕ್ಕಳಿಗೆ ಇದು ದೂರದ ಕಥೆಯಲ್ಲ. ತರಗತಿಯಲ್ಲಿ ತಂದೆಯನ್ನೋ ತಮ್ಮನನ್ನೋ ಕಳೆದುಕೊಂಡ ಮಗುವೊಂದು ಕುಳಿತಿರಬಹುದು. ಆ ಮಗುವನ್ನು ಎಬ್ಬಿಸಿ 'ನಿನ್ನ ಅನುಭವ ಹೇಳು' ಎನ್ನುವುದು ಸಲ್ಲದು. ಹಾಗೆಂದು ಚಂದ್ರಮತಿಯ ಪ್ರಲಾಪವನ್ನು ಐದು ಅಂಕದ ಸಾರಾಂಶಕ್ಕೆ ಇಳಿಸುವುದೂ ಸಲ್ಲದು. ಪದ್ಯಗಳನ್ನು ನಿಧಾನವಾಗಿ ಓದಿ, ಕ್ಷಣಕಾಲ ಸುಮ್ಮನಿದ್ದರೆ ಸಾಕು. ಉಳಿದುದನ್ನು ಕಾವ್ಯವೇ ಮಾಡುತ್ತದೆ. ಕೊನೆಯಲ್ಲಿ ಲೋಹಿತಾಶ್ವನು ಬದುಕಿ ಬರುತ್ತಾನೆ. ಅದು ಕಾವ್ಯದ ನ್ಯಾಯವೇ ಹೊರತು ಬದುಕಿನ ಭರವಸೆಯಲ್ಲ ಎಂಬುದನ್ನೂ ಮೃದುವಾಗಿ ತಿಳಿಸಬೇಕು.

ಇದೇ ಕಥೆ 1965ರಲ್ಲಿ 'ಸತ್ಯ ಹರಿಶ್ಚಂದ್ರ' ಚಲನಚಿತ್ರವಾಯಿತು. ಓದುವಾಗ ಒಬ್ಬೊಬ್ಬರೇ ಅನುಭವಿಸುವ ಶೋಕವನ್ನು ಚಿತ್ರಮಂದಿರದಲ್ಲಿ ಜನ ಒಟ್ಟಾಗಿ ಅನುಭವಿಸಿದರು. ಹರಿಶ್ಚಂದ್ರನ ಪಾತ್ರ ವಹಿಸಿದ ಡಾ. ರಾಜ್‌ಕುಮಾರ್ ಈ ಮಲೆಯ ಗಾಜನೂರಿನವರು. ಪ್ರಾಥಮಿಕ ಹಂತದಲ್ಲಿಯೇ ಶಾಲೆ ಬಿಟ್ಟ ಅವರು ನುಡಿಯನ್ನು ಕಲಿತದ್ದು ನಾಟಕ ಕಂಪನಿಯಲ್ಲಿ, ಕಿವಿಯಿಂದ ಕೇಳಿ, ಬಾಯಿಂದ ನುಡಿದು. ಶಾಲೆಯಲ್ಲಿ ಕಳೆದುಹೋದದ್ದು ರಂಗದ ಮೇಲೆ ದೊರೆಯಿತು.

ಇಲ್ಲಿಗೆ ಕಲಿಕೆಯ ಪ್ರಶ್ನೆ ಬಂದಿತು. 2020ರ ಮಾರ್ಚಿಯಲ್ಲಿ ಮುಚ್ಚಿದ ಪ್ರಾಥಮಿಕ ತರಗತಿಗಳು ತಮಿಳುನಾಡಿನಲ್ಲಿ ತೆರೆದದ್ದು 2021ರ ನವೆಂಬರ್ 1ರಂದು. 1ನೇ ತರಗತಿ ಮುಗಿಯುವ ಮುನ್ನ ಮನೆಗೆ ಹೋದ ಮಗು 3ನೇ ತರಗತಿಯಲ್ಲಿ ಬಂದು ಕುಳಿತಿತು. ಒತ್ತಕ್ಷರ ಕಲಿಯುವ ಕಾಲವೇ ಅದಕ್ಕೆ ತಪ್ಪಿತ್ತು. ಅಂಥ ಮಗು 'ಕತ್ತೆ'ಯನ್ನು 'ಕತೆ' ಎಂದು ಓದುತ್ತದೆ. ಪ್ರಶ್ನೋತ್ತರವನ್ನು ಬಾಯಿಪಾಠ ಮಾಡಿ ಕೊರತೆಯನ್ನು ಮರೆಸುತ್ತದೆ. ಮೇಲಿನ ತರಗತಿಗೆ ಹೋದಷ್ಟೂ ಅದು ಮೌನವಾಗುತ್ತದೆ. ಆ ಮೌನವನ್ನು ದಡ್ಡತನವೆಂದು ಬಗೆಯುವುದು ಅನ್ಯಾಯ. ರಾಜ್ಯ ಸರ್ಕಾರವು 2021ರಲ್ಲಿ 'ಇಲ್ಲಂ ತೇಡಿ ಕಲ್ವಿ' ಯೋಜನೆಯನ್ನು ಆರಂಭಿಸಿದ್ದು ಈ ನಷ್ಟವನ್ನು ತುಂಬುವುದಕ್ಕಾಗಿಯೇ.

ಇಂಥ ಕೊರತೆ ಒಂದು ತಂಡದ ಮಕ್ಕಳಿಗಷ್ಟೇ ಸೀಮಿತವಲ್ಲ. ದೀರ್ಘಕಾಲ ಶಾಲೆ ತಪ್ಪಿದ ಯಾವ ಮಗುವಿಗೂ ಇದು ಸಂಭವಿಸುತ್ತದೆ. ಆದುದರಿಂದ ಪ್ರತಿಯೊಂದು ಮಗುವಿನಿಂದಲೂ ಅಪರಿಚಿತವಾದ ಐದು ಸಾಲುಗಳನ್ನು ಪ್ರತ್ಯೇಕವಾಗಿ ಓದಿಸಿ ಕೇಳಬೇಕು. ಎಲ್ಲಿ ತಡವರಿಸಿತೋ ಅಲ್ಲಿಂದ, ಅದು 1ನೇ ತರಗತಿಯ ಪಾಠವಾದರೂ ಸರಿ, ಮತ್ತೆ ಆರಂಭಿಸಬೇಕು. ಮುಳುಗಿದ ಕೋಟೆಯನ್ನು ಶಿಕ್ಷಕರು ಎತ್ತಲಾರರು, ಅಗಲಿದವರನ್ನು ಕರೆತರಲಾರರು. ಮಗುವಿಗೆ ತಪ್ಪಿದ ಒತ್ತಕ್ಷರವನ್ನು ಮಾತ್ರ ಖಂಡಿತವಾಗಿ ಮರಳಿ ಕೊಡಬಲ್ಲರು.