ಜಾಲಂಧ್ರದ ಹಿಂದೆ ರಾಯಭಾರ

ರಾಯಭಾರ ಕಚೇರಿ ಎಂಬುದು ವಿಚಿತ್ರವಾದ ಮನೆ. ಪರದೇಶದ ನೆಲದಲ್ಲಿ ನಿಂತು ಅದು ತನ್ನ ದೇಶದ ಹಿರಿಮೆಯನ್ನು ಸಾರಬೇಕು. ಅತಿಥೇಯರ ಸಂಸ್ಕೃತಿಗೂ ತಲೆಬಾಗಬೇಕು. ಬಂದವರನ್ನು ಆದರದಿಂದ ಕರೆಯಬೇಕು. ಒಳಗಿನ ಮಾತು ಮಾತ್ರ ಹೊರಬೀಳಬಾರದು. 1961ರ ವಿಯೆನ್ನಾ ಒಪ್ಪಂದದಂತೆ, ಮುಖ್ಯಸ್ಥರ ಒಪ್ಪಿಗೆಯಿಲ್ಲದೆ ಸ್ಥಳೀಯ ಪೊಲೀಸರೂ ಒಳಗೆ ಕಾಲಿಡುವಂತಿಲ್ಲ. ಇಷ್ಟೆಲ್ಲ ಹೊಣೆಯನ್ನು ಒಂದು ಕಟ್ಟಡ ಹೊರುವುದು ಹೇಗೆ?

ದೆಹಲಿಯ ಚಾಣಕ್ಯಪುರಿಯಲ್ಲಿ ಇದಕ್ಕೊಂದು ಉತ್ತರ ಸಿಗುತ್ತದೆ. ಅಮೆರಿಕದ ವಾಸ್ತುಶಿಲ್ಪಿ ಎಡ್ವರ್ಡ್ ಡ್ಯುರೆಲ್ ಸ್ಟೋನ್ ರೂಪಿಸಿದ ಅಮೆರಿಕ ರಾಯಭಾರ ಕಚೇರಿ 1959ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಎತ್ತರದ ಜಗಲಿ, ಸುತ್ತಲೂ ಹೊಂಬಣ್ಣದ ತೆಳುವಾದ ಕಂಬಗಳು, ಬಿಸಿಲಿಗೆ ಅಡ್ಡವಾಗಿ ಚಾಚಿದ ಸೂರು, ನಡುವೆ ಕೊಳವಿರುವ ಅಂಗಳ. ಕಂಬಗಳ ಹಿಂದೆ ಕಟ್ಟಡವನ್ನು ಸುತ್ತುವರಿದ ರಂಧ್ರಗಳ ಜಾಲರಿ. ಉತ್ತರದವರು ‘ಜಾಲಿ’ ಎನ್ನುವ ಇದು ಕನ್ನಡದ ಜಾಲಂಧ್ರವೇ. ಬೇಲೂರಿನ ಚೆನ್ನಕೇಶವ ದೇಗುಲವನ್ನು ಕಂಡವರಿಗೆ ಅದು ಹೊಸತಲ್ಲ.

ಜಾಲಂಧ್ರದ ಗುಟ್ಟಿರುವುದು ಬೆಳಕಿನಲ್ಲಿ. ಹಗಲು ಹೊರಗೆ ಬಿಸಿಲು, ಒಳಗೆ ನೆರಳು. ಒಳಗಿರುವವರಿಗೆ ಹೊರಗಿನದು ಕಾಣುತ್ತದೆ. ಹೊರಗಿನವರ ಕಣ್ಣು ಹೊಳೆಯುವ ಜಾಲರಿಯಲ್ಲೇ ನಿಲ್ಲುತ್ತದೆ. ಹೀಗೆ ಅಲಂಕಾರವೇ ಮರೆಯಾಗುತ್ತದೆ, ಮರೆಯೇ ತಂಪು ಕೊಡುತ್ತದೆ. ರಾತ್ರಿ ಒಳಗೆ ದೀಪ ಹಚ್ಚಿದರೆ ಲೆಕ್ಕ ತಿರುಗುಮುರುಗು. ಆಗ ಪರದೆಯೇ ಗತಿ.

ಅದೇ ಚಾಣಕ್ಯಪುರಿಯಲ್ಲಿ ಬೆಲ್ಜಿಯಂ ಬೇರೆ ದಾರಿ ಹಿಡಿಯಿತು. ವಾಸ್ತುಶಿಲ್ಪವನ್ನು ಶಾಲೆಯಲ್ಲಿ ಕಲಿಯದ ಕಲಾವಿದ ಸತೀಶ್ ಗುಜ್ರಾಲ್ ಅವರಿಗೆ ಕೆಲಸ ಒಪ್ಪಿಸಿತು. ಅವರು 1980ರ ದಶಕದ ಆರಂಭದಲ್ಲಿ ಇಟ್ಟಿಗೆಯ ಗೋಡೆ, ಕಮಾನು, ಗುಮ್ಮಟಗಳಿಂದ ಕಟ್ಟಡ ಎಬ್ಬಿಸಿದರು. ಇಲ್ಲಿ ಗೌಪ್ಯವನ್ನು ಕಾಯುವುದು ಗೋಡೆಯ ಗಾತ್ರವೇ. ಬೆಲ್ಜಿಯಂನ ಗುರುತೆಲ್ಲಿ ಎಂದು ಕೇಳಬಹುದು. ತನ್ನ ಮನೆಯನ್ನು ಭಾರತೀಯನ ಕೈಗೆ ಕೊಟ್ಟ ವಿಶ್ವಾಸವೇ ಆ ಗುರುತು.

ಆದರೆ ಜಾಲರಿ ತಡೆಯುವುದು ಕಣ್ಣನ್ನು, ಬಾಂಬನ್ನಲ್ಲ. 1998ರ ಆಗಸ್ಟ್ 7ರಂದು ನೈರೋಬಿ ಮತ್ತು ದಾರ್ ಎಸ್ ಸಲಾಮ್‌ಗಳಲ್ಲಿ ಅಮೆರಿಕದ ರಾಯಭಾರ ಕಚೇರಿಗಳ ಮೇಲೆ ದಾಳಿ ನಡೆದು 200ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಪಾಲು ಆಫ್ರಿಕಾದ ಸಾಮಾನ್ಯ ಜನ. ಆಮೇಲೆ ಅಮೆರಿಕದ ಹೊಸ ಕಚೇರಿಗಳು ರಸ್ತೆಯಿಂದ ಸುಮಾರು 100 ಅಡಿ ಹಿಂದೆ ಸರಿದವು. ಎಷ್ಟೋ ಕಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎದ್ದವು.

2018ರಲ್ಲಿ ತೆರೆದ ಲಂಡನ್ನಿನ ಅಮೆರಿಕ ರಾಯಭಾರ ಕಚೇರಿಗೂ ಒಂದು ಕೊಳವಿದೆ. ದೆಹಲಿಯ ಕೊಳ ಅಂಗಳದೊಳಗಿದ್ದು ಬಂದವರಿಗೆ ತಂಪೆರೆಯಲು ಹುಟ್ಟಿದ್ದು. ಲಂಡನ್ನಿನದು ಹೊರಗಿದೆ, ನೋಡಲು ಚೆಂದ, ಜೊತೆಗೆ ನುಗ್ಗಿ ಬರುವ ವಾಹನಕ್ಕೆ ಕೋಟೆಯ ಕಂದಕ. ನೀರು ಅದೇ, ನಡುವೆ ಬೆಳೆದದ್ದು ಭಯ. ಆ ಭಯಕ್ಕೆ ಕಾರಣವಿದೆ, ನಿಜ. ಆದರೂ ಗೋಡೆ ಎತ್ತರಿಸುವ ಮುನ್ನ ಒಳಗಿನವರು ಹೊರಗಿನ ಬೀದಿಯನ್ನು ನೋಡಲು ಎಷ್ಟು ರಂಧ್ರ ಉಳಿಸಬೇಕೆಂಬುದು ಇಂದಿನ ವಾಸ್ತುಶಿಲ್ಪಿಯ ಮುಂದಿರುವ ಪ್ರಶ್ನೆ. ಬೀದಿಯೇ ಕಾಣದ ಮೇಲೆ ರಾಯಭಾರ ನಡೆಸುವುದು ಯಾರೊಡನೆ?